ಮೂಳೆ ಸವೆತದ ಮಾತ್ರೆ: ಮೂಳೆ ವೈದ್ಯರನ್ನು ಕೇಳಿ

ಶಿವಮೊಗ್ಗದ ಸದಸ್ಯೆ: ಡಾಕ್ಟರೇ, ಅಮ್ಮನಿಗೆ 68. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ಎಂಟು ವರ್ಷದಿಂದ. ಎರಡು ತಿಂಗಳಿಂದ ಎಡ ತೊಡೆ ನೋವು, ಎಲ್ಲೂ ಬಿದ್ದಿಲ್ಲ. ವಾಯು ಎಂದು ಎಣ್ಣೆ ತಿಕ್ಕುತ್ತಿದ್ದೇವೆ. ಮಾತ್ರೆ ಮುಂದುವರಿಸಬಹುದೇ?

ವೈದ್ಯರು: ತಿಕ್ಕುವುದನ್ನು ನಿಲ್ಲಿಸಿ. ಈ ವಾರದ ಮಾತ್ರೆ ಕೊಡಬೇಡಿ. ಇಂದೇ ಎರಡೂ ತೊಡೆಗಳ ಎಕ್ಸ್‌ರೇ ತೆಗೆಸಿ, ಸೊಂಟದಿಂದ ಮಂಡಿಯವರೆಗೆ. ನೋವು ಒಂದೇ ಕಾಲಿಗಿದ್ದರೂ ಎರಡೂ. ಹಳೆಯ ಮೂಳೆಯನ್ನು ಕೆರೆದು ಹೊಸದನ್ನು ಕಟ್ಟುವ ಕೆಲಸ ದೇಹದಲ್ಲಿ ಸದಾ ನಡೆಯುತ್ತಿರುತ್ತದೆ. ಈ ಮಾತ್ರೆ ಕೆರೆಯುವ ಜೀವಕೋಶಗಳ ಕೈ ಕಟ್ಟುತ್ತದೆ, ಮೂಳೆ ಉಳಿಯುತ್ತದೆ. ವರ್ಷಗಟ್ಟಲೆ ಕಟ್ಟಿಹಾಕಿದರೆ ಸಣ್ಣ ಬಿರುಕುಗಳ ದುರಸ್ತಿಯೂ ನಿಂತೀತು. ಆಗ ತೊಡೆಮೂಳೆಯ ಹೊರಮೈಯಲ್ಲಿ ಕೊಕ್ಕಿನಂತಹ ಉಬ್ಬು ಏಳುತ್ತದೆ. ಅಲ್ಲಿಂದ ಬಿರುಕು ಅಡ್ಡಕ್ಕೆ ಓಡಿ, ಒಂದು ದಿನ ಬಚ್ಚಲ ಹೊಸ್ತಿಲು ದಾಟುವಾಗ ಕಾಲು ಮುರಿಯುತ್ತದೆ. ಬಿದ್ದು ಮುರಿಯುವುದಲ್ಲ, ಮುರಿದು ಬೀಳುವುದು. ಅಪರೂಪವೇ, ಆದರೆ ಮಾತ್ರೆ ಐದು ವರ್ಷ ದಾಟಿದವರಲ್ಲಿ ಹೆಚ್ಚು. ಮೊದಲೇ ಕಂಡರೆ ಮೂಳೆಯೊಳಗೆ ರಾಡ್ ಹಾಕಿ ಉಳಿಸಬಹುದು. ಸ್ಟೀರಾಯ್ಡ್ ಏನಾದರೂ ತೆಗೆದುಕೊಳ್ಳುತ್ತಾರೆಯೇ?

ಹುಬ್ಬಳ್ಳಿಯ ಸದಸ್ಯ: ಈ ಮಾತ್ರೆ ನುಂಗುವವರು ಹಲ್ಲು ಕೀಳಿಸಬಹುದೇ ಸರ್?

ವೈದ್ಯರು: ನಿನ್ನೆಯಿಂದ ಈ ಪ್ರಶ್ನೆ ಮೂರನೆಯ ಸಲ. ದಂತವೈದ್ಯರಿಗೆ ಮಾತ್ರೆಯ ಹೆಸರು ಹೇಳಿ. ಕಿತ್ತ ಜಾಗದಲ್ಲಿ ಎಂಟು ವಾರ ಕಳೆದರೂ ದವಡೆಯ ಮೂಳೆ ಕಾಣುತ್ತಿದ್ದರೆ ಬನ್ನಿ.

ಉಡುಪಿಯ ಸದಸ್ಯೆ: ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರೋನಿಕ್ ಡ್ರಿಪ್ ಮೂರು ಸಲ ಆಯಿತು. ನಾಲ್ಕನೆಯದು ಬೇಕೇ?

ತುಮಕೂರಿನ ಹಿರಿಯರು: (ಫಾರ್ವರ್ಡ್) ಗೋಧಿ ಕಾಳಿನಷ್ಟು ವೀಳ್ಯದ ಸುಣ್ಣ ಮೊಸರಿನಲ್ಲಿ, ಜೊತೆಗೆ ಮಂಗರಬಳ್ಳಿ ಚಟ್ನಿ. 21 ದಿನದಲ್ಲಿ ಮೂಳೆ ಉಕ್ಕು! ಮಾತ್ರೆ, ಇಂಜೆಕ್ಷನ್ ಎಲ್ಲ ಬಿಡಿ!

ವೈದ್ಯರು: ಚಟ್ನಿ ಅನ್ನಕ್ಕೆ ಕಲಸಿಕೊಳ್ಳಿ, ರುಚಿಯಾಗಿರುತ್ತದೆ. ಸುಣ್ಣವನ್ನು ಗೋಡೆಗೆ ಬಳಿಯಿರಿ. ಇಂಥದ್ದನ್ನು ನಂಬಿ ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಬದಲಿ ಔಷಧವಿಲ್ಲದೆ ಅದನ್ನು ನಿಲ್ಲಿಸಬಾರದು.

ತುಮಕೂರಿನ ಹಿರಿಯರು: ನಮ್ಮಜ್ಜಿ 94ರಲ್ಲೂ ಬಾವಿಯಿಂದ ನೀರು ಸೇದುತ್ತಿದ್ದರು. ಯಾವ ಮಾತ್ರೆ ನುಂಗಿದ್ದರು?

ಮೈಸೂರಿನ ಸದಸ್ಯೆ: ಅವರು ಸೇದಿದರು ರಾಯರೇ. ನೀವು ಸೋಫಾದಲ್ಲಿ ಕುಳಿತು ಫಾರ್ವರ್ಡ್ ಮಾಡುತ್ತಿದ್ದೀರಿ.

ತುಮಕೂರಿನ ಹಿರಿಯರು: ವಯಸ್ಸಿಗಾದರೂ ಮರ್ಯಾದೆ ಕೊಡಮ್ಮ.

ಮೈಸೂರಿನ ಸದಸ್ಯೆ: ಸುಣ್ಣ ತಿನ್ನಿಸುವ ವಯಸ್ಸಿಗೇ?

ಉಡುಪಿಯ ಸದಸ್ಯೆ: ನನ್ನ ಡ್ರಿಪ್ ವಿಷಯ?

ಶಿವಮೊಗ್ಗದ ಸದಸ್ಯೆ: ಡಾಕ್ಟರೇ, ಎಡಗಾಲಿನ ಎಕ್ಸ್‌ರೇ ತೆಗೆಸಿದೆವು. ಹೊರಬದಿಯಲ್ಲಿ ಉಬ್ಬು ಇದೆಯಂತೆ. ಅಸ್ತಮಾಕ್ಕೆ ಸ್ಟೀರಾಯ್ಡ್ ಮಾತ್ರೆಯೂ ಇದೆ. ಅಮ್ಮ ಮೆಟ್ಟಿಲು ಇಳಿಯುತ್ತಿದ್ದಾರೆ.

ವೈದ್ಯರು: ಎರಡೂ ಕಾಲು ಎಂದು ಬರೆದಿದ್ದೆ! ಇಳಿಸಬೇಡಿ. ಅಲ್ಲೇ ಕೂರಿಸಿ, ಗಾಲಿಕುರ್ಚಿ ತರಿಸಿ, ಬಲಗಾಲಿನದನ್ನೂ ತೆಗೆಸಿ. ಸ್ಟೀರಾಯ್ಡ್ ತಾವಾಗಿ ನಿಲ್ಲಿಸಬೇಡಿ. ಇಂದೇ ಮೂಳೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ತುಮಕೂರಿನ ಹಿರಿಯರು: ಮಂಗರಬಳ್ಳಿ ರಸವನ್ನು ಹಚ್ಚಿದರೂ ಆದೀತು.