ಕೆಡವಿದ ಮನೆಯ ಇಟ್ಟಿಗೆ, ತೊಲೆ ಹೊಸ ಮನೆಗೆ ಆಗುತ್ತವೆಯೇ?

ಪ್ರಶ್ನೆ
ಸುಣ್ಣದ ಗಾರೆಯಲ್ಲಿ ಕಟ್ಟಿದ್ದ ಹಳೇ ಮನೆಯಿಂದ ಸುಮಾರು 4,000 ಇಟ್ಟಿಗೆ, ಆರು ತೇಗದ ತೊಲೆ ಸಿಗುತ್ತಿವೆ. ಇಟ್ಟಿಗೆಯನ್ನು ಒಂದಂತಸ್ತಿನ ಮನೆಯ ಭಾರ ಹೊರುವ ಗೋಡೆಗೆ, ತೊಲೆಯನ್ನು ಚಾವಣಿಗೆ ಬಳಸಬಹುದೇ? ಏನೇನು ನೋಡಿಕೊಳ್ಳಬೇಕು?

ಉತ್ತರ 1
ಸುಣ್ಣದ ಗಾರೆ ಆಗಿದ್ದು ಒಳ್ಳೆಯದಾಯಿತು. ಅದು ಇಟ್ಟಿಗೆಗಿಂತ ಮೆದು, ಉಳಿ ತಾಗಿಸಿದರೆ ಕಳಚಿಕೊಳ್ಳುತ್ತದೆ. ಸಿಮೆಂಟ್ ಆಗಿದ್ದರೆ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತಿತ್ತು.

ನಿಜವಾದ ತೊಡಕು ಬೇರೆ. ಹಳೇ ದಪ್ಪ ಗೋಡೆಗಳಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆ ಹೊರಮೈಗೆ, ಅರೆಬೆಂದದ್ದು ಒಳಗೆ ಇಡುತ್ತಿದ್ದುದುಂಟು. ಕೆಡವಿದಾಗ ಎರಡೂ ಬೆರೆತುಹೋಗುತ್ತವೆ. ಅರೆಬೆಂದದ್ದು ಮಳೆ ಹೊಡೆಯುವ ಕಡೆ ಬಂತೋ, ಮೈ ಪುಡಿಪುಡಿಯಾಗಿ ಉದುರುತ್ತದೆ. ಎರಡು ಇಟ್ಟಿಗೆ ಬಡಿದು ನೋಡಿ: ಠಣ್ ಎಂದರೆ ಸರಿ, ದಬ್ ಎಂದರೆ ಬದಿಗಿಡಿ. ಉಗುರಿಗೆ ಗೀರು ಬೀಳಬಾರದು. ಆಮೇಲೆ ಐದಾರು ಇಟ್ಟಿಗೆ ಪೂರ್ತಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕೆಜಿ ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ, ಅಂದರೆ ಶೇ. 20 ದಾಟಿದರೆ, ಭಾರದ ಗೋಡೆಗೆ ಬೇಡ. ಪಾಸಾದವುಗಳಲ್ಲೂ ಕೆಲವನ್ನು ಲ್ಯಾಬ್‌ಗೆ ಕೊಟ್ಟು ಒತ್ತಡ ತಾಳುವ ಶಕ್ತಿ ಅಳೆಸಿ.

ಉತ್ತರ 2
ಬಡಿದು ನೋಡುವುದು ಒಣಗಿದ ಮೇಲೇ. ತೇವ ಇದ್ದರೆ ಒಳ್ಳೇ ಇಟ್ಟಿಗೆಯೂ ದಬ್ ಅನ್ನುತ್ತದೆ. ಪಾಯದ ಹತ್ತಿರದ ವರಸೆಗಳಿಂದ ಬಂದವನ್ನು ಬೇರೆಯೇ ರಾಶಿ ಹಾಕಿಸಿ. ನೆಲದಿಂದ ಏರಿದ ಉಪ್ಪು ಅವುಗಳಲ್ಲಿ ಕೂತಿರುತ್ತದೆ, ಹೊಸ ಗೋಡೆಯಲ್ಲಿ ಬಿಳಿ ಪುಡಿಯಾಗಿ ಹೊರಬಂದು ಗಿಲಾವನ್ನು ಎಬ್ಬಿಸುತ್ತದೆ.

ಗಾರೆ ಕೆತ್ತಿದ ಮೇಲೆ ತಂತಿ ಬ್ರಷ್ ಹಾಕದೆ ಬಿಡಬೇಡಿ. ಸಣ್ಣ ರಂಧ್ರಗಳಲ್ಲಿ ಸುಣ್ಣದ ಪುಡಿ ಉಳಿದರೆ ಹೊಸ ಗಾರೆ ಕಚ್ಚುವುದಿಲ್ಲ. ಕಟ್ಟುವ ಮೊದಲು ನೆನೆಸಿ. ಸಿಮೆಂಟ್, ಸುಣ್ಣ, ಮರಳು 1:1:6 ಸಾಕು. 1:3 ಸಿಮೆಂಟ್ ಗಾರೆ ಇಂಥ ಇಟ್ಟಿಗೆಗೆ ಅತಿಯಾಯಿತು, ಮುಂದೆ ಯಾರೂ ಬಿಡಿಸಿಕೊಳ್ಳಲೂ ಆಗುವುದಿಲ್ಲ. ಒಂಬತ್ತಿಂಚಿನ ಗೋಡೆಗೆ ಚದರ ಮೀಟರಿಗೆ ನೂರರ ಆಸುಪಾಸು ಬೇಕು. ಕಾಲುಭಾಗ ಕೈಬಿಟ್ಟರೆ ನಿಮಗೆ ಸಿಗುವುದು ಸುಮಾರು 30 ಚದರ ಮೀಟರ್ ಗೋಡೆ.

ಉತ್ತರ 3
ತೊಲೆಯಲ್ಲಿ ಮೊದಲು ಲಡ್ಡಾಗುವುದು ಗೋಡೆಯೊಳಗೆ ಕೂತಿದ್ದ ತುದಿ. ಸ್ಕ್ರೂಡ್ರೈವರ್ ಒತ್ತಿ ನೋಡಿ, ಸಲೀಸಾಗಿ ಇಳಿದರೆ ಗಟ್ಟಿಮರ ಸಿಗುವವರೆಗೆ ಕತ್ತರಿಸಲೇಬೇಕು. ಹಾಗಾಗಿ ಕೋಣೆಯ ಅಗಲ ಈಗಲೇ ನಿರ್ಧರಿಸಬೇಡಿ, ಕತ್ತರಿಸಿದ ಮೇಲೆ ಉಳಿದ ಉದ್ದ ನೋಡಿ ನಕ್ಷೆ ಬರೆಸಿ. ನಡುಭಾಗದ ಕೆಳಮೈಯಲ್ಲಿ ಹಳೇ ಕಚ್ಚು, ತೂತು ಇರುವ ತೊಲೆ ಚಾವಣಿಗೆ ಬೇಡ. ಭಾರ ಬಿದ್ದಾಗ ಹಿಗ್ಗುವುದು ಆ ಮೈಯೇ, ಬಿರುಕು ಅಲ್ಲಿಂದಲೇ ಶುರು. ಅಂಥದ್ದನ್ನು ಬಾಗಿಲ ಚೌಕಟ್ಟಿಗೆ ಕೊಯ್ಯಿಸಿ, ಆದರೆ ಗರಗಸಕ್ಕೆ ಕೊಡುವ ಮುಂಚೆ ಆಯಸ್ಕಾಂತ ಆಡಿಸಿ ಮೊಳೆ ಕೀಳಿಸಿ. ಹಳೇ ಬಣ್ಣ ಇದ್ದರೆ ಒಣಗಿದ್ದಾಗ ಉಜ್ಜಬೇಡಿ, ಸೀಸ ಇರಬಹುದು. ಒದ್ದೆ ಮಾಡಿ ಹೆರೆಯಿರಿ, ಹೆರೆದದ್ದನ್ನು ಚೀಲಕ್ಕೆ ತುಂಬಿ ಮಕ್ಕಳ ಕೈಗೆ ಸಿಗದಂತೆ ಇಡಿ.