ಬಚ್ಚಲ ಬಾಯ್ಲರ್‌ಗೆ ಇದ್ದಲು ನುಚ್ಚು: ಉರಿಸಿದವರು ಹೇಳ್ರಿ

ದಾವಣಗೆರೆ, ಕೆಟಿಜೆ ನಗರ:
ಮಗಳು ಬಾಣಂತನಕ್ಕೆ ಬಂದಾಳೆ, ದಿನಾ ಎರಡು ಹೊತ್ತು ನೀರು ಕಾಸಬೇಕು. 30 ಲೀಟರಿನ ಹಳೇ ತಾಮ್ರದ ಬಾಯ್ಲರ್ ಐತಿ. ಜಾಲಿ ಇದ್ದಲಿನ ನುಚ್ಚು, ಕಡಲೆ ಕಾಳಿನಿಂದ ಅಡಿಕೆ ಗಾತ್ರದ ತನಕ, ಅಗ್ಗಕ್ಕೆ ಸಿಕ್ತು ಅಂತ ಆರು ಚೀಲ ತಂದೆ. ಹತ್ತು ನಿಮಿಷ ಕೆಂಪಗೆ ಉರಿದು ನಡುವೆ ಕಪ್ಪಾಗಿ ಆರಿಬಿಡ್ತೈತಿ. ಬುಡದ ಜಾಲರಿ ಬದಲಿಸಬೇಕೋ, ತುಂಬೋ ರೀತಿನೇ ತಪ್ಪೋ?

ಚಳ್ಳಕೆರೆ:
ನಾಲ್ಕು ವರ್ಷದಿಂದ ನಮ್ಮನೇಲಿ ನುಚ್ಚು ಬಿಟ್ಟು ಬೇರೇನೂ ಉರಿಸಿಲ್ಲ. ಮೊದಲ ವರ್ಷ ಪಟ್ಟ ಪಾಡು ನನಗೇ ಗೊತ್ತು. 40 ಕೆ.ಜಿ. ಅಂತ ತೂಗಿ ಕೊಟ್ಟ ಚೀಲನ ಮಾಳಿಗೆ ಮೇಲೆ ಎರಡು ದಿನ ಒಣಗಿಸಿ ತೂಗಿದರೆ 34 ಬಂತು. ಆರು ಕೆ.ಜಿ. ಬರೀ ನೀರು! ಜರಡಿ ಹಿಡಿದೆ, ಇನ್ನೂ ಮೂರೂವರೆ ಕೆ.ಜಿ. ಮಣ್ಣು. ಇದ್ದಲು ಸುಡೋ ಗೂಡಿನ ತಳ ಬಾಚಿದ ನುಚ್ಚಲ್ಲಿ ಮಣ್ಣು ಇದ್ದೇ ಇರುತ್ತೆ, ಜಾಲರಿ ಸಂದು ಮುಚ್ಚೋದೇ ಅದು. ಕೆ.ಜಿ.ಗೆ 22 ರೂಪಾಯಿ ಕೊಟ್ಟ ಮಾಲು ಒಲೆಗೆ ಬೀಳೋ ಹೊತ್ತಿಗೆ 29 ಆಯ್ತು. ಈಗ ಒಣಗಿದ್ದು ನೋಡಿ, ಕೈಯಲ್ಲಿ ಕಲಕಿ, ಕಣಕಣ ಅಂದ್ರೆ ಮಾತ್ರ ತರ್ತೀನಿ.
ಬುಡದಲ್ಲಿ ಎರಡು ಕರಟ, ಅದರ ಮೇಲೆ ಅಡಿಕೆ ಗಾತ್ರದ್ದು. ಕೆಂಡ ಕೂತ ಮೇಲೆ ಸಣ್ಣದನ್ನ ಹಿಡಿಹಿಡಿಯಾಗಿ ಬಿಡಬೇಕು. ಬಾಯ್ಲರ್ ನಡುವಿನ ಉರಿ ಕೊಳವೆ ಅರ್ಧಕ್ಕಿಂತ ಮೇಲೆ ತುಂಬಿದ್ರೆ ಗಾಳಿ ಆಡಲ್ಲ. 30 ಲೀಟರ್ 20 ಡಿಗ್ರಿಯಿಂದ 45ಕ್ಕೆ ಏರೋಕೆ 750 ಕಿಲೋಕ್ಯಾಲೊರಿ ಬೇಕು. ಒಳ್ಳೆ ಇದ್ದಲು ಕೆ.ಜಿ.ಗೆ 7,000ದ ಹತ್ತಿರ ಕೊಡುತ್ತೆ. ಮೂರರಲ್ಲಿ ಎರಡು ಪಾಲು ಕಾವು ಮೇಲೆ ಹಾರಿಹೋದರೂ 350 ಗ್ರಾಂ ಸಾಕು. ನನಗೆ ಬೀಳೋದು 400. ತಕ್ಕಡಿ ಬಚ್ಚಲಲ್ಲೇ ಇಟ್ಟಿದ್ದೀನಿ.

ಹರಿಹರ:
ನುಚ್ಚಿನ ಹೆಸರು ಎತ್ತಬ್ಯಾಡ್ರಿ. ಆರ್ತೈತಿ ಅಂತ ಬುಡಕ್ಕೆ ಟೇಬಲ್ ಫ್ಯಾನ್ ಹಿಡಿದೆ. ನೀರು ಕೊಳವೆಯ ಅರ್ಧಕ್ಕೆ ಇಳಿದಿತ್ತು, ಬೆಸುಗೆ ಬಿಡ್ತು. ಕಂಚುಗಾರರಿಗೆ 1,800. ಎರಡು ತಿಂಗಳಿಗೆ ಮತ್ತೆ ಸೋರಿತು, 2,400. ನಲ್ಲಿ ಬೇರೆ ಹೋಯ್ತು, 350. ಕೊನೆಗೆ ನಮ್ಮಜ್ಜಿ ಗಂಗಾವಾಳದ ಜೋಡಿ ತವರಿಂದ ತಂದ ಬಾಯ್ಲರ್ನ ಗುಜರಿಗೆ ಹಾಕಿ 4,300 ತಗೊಂಡೆ. ಹೊಸದು ಕೇಳಿದ್ರೆ 16,500 ಅಂದ್ರು. ಅವತ್ತಿಂದ ನಮ್ಮವ್ವ ಬಚ್ಚಲಿಗೆ ಹೋದಾಗೆಲ್ಲ ಆ ಖಾಲಿ ಮೂಲೆ ನೋಡ್ತಾಳೆ, ನನಗೆ ಒಂದು ಮಾತೂ ಅನ್ನಲ್ಲ.

ಚಳ್ಳಕೆರೆ:
ಅಣ್ಣಾರೆ, ಅದು ನುಚ್ಚಿನ ತಪ್ಪಲ್ಲ. ತವರ-ಸೀಸದ ಬೆಸುಗೆ 200 ಡಿಗ್ರಿ ಆಸುಪಾಸಲ್ಲೇ ಕರಗುತ್ತೆ. ಒಳಗೆ ನೀರಿದ್ದರೆ ತಾಮ್ರ ಅಷ್ಟು ಕಾಯೋದೇ ಇಲ್ಲ. ನೀರು ನೋಡದೆ ಫ್ಯಾನ್ ಹಿಡಿದವರು ನೀವು.

ಹರಿಹರ:
ಸೌದೆ ಉರಿಸುವಾಗ 40 ವರ್ಷ ಬಿಡದ ಬೆಸುಗೆ ನುಚ್ಚು ಹಾಕಿದ ತಿಂಗಳಿಗೇ ಬಿಡ್ತಲ್ಲ, ಅದಕ್ಕೇನಂತೀರಿ? ಕಳಕೊಂಡವನಿಗೆ ಬುದ್ಧಿ ಹೇಳಬ್ಯಾಡ್ರಿ.

ಜಗಳೂರು:
ನಮ್ಮ ಕಡೆ ಮೆಕ್ಕೆಜೋಳದ ಬೆಂಡು ಇರೋವಾಗ ದುಡ್ಡು ಕೊಟ್ಟು ಇದ್ದಲು ಯಾಕ್ರೀ? ಒಕ್ಕಣೆ ಆದಮೇಲೆ ಒಂದು ಟ್ರ್ಯಾಕ್ಟರ್ ಲೋಡು ಹಿತ್ತಲಲ್ಲಿ ಒಟ್ಟಿದರೆ ಯುಗಾದಿ ತನಕ ಚಿಂತೆ ಇಲ್ಲ. ಕಾಸು ಖರ್ಚಿಲ್ಲ.

ಹರಿಹರ:
ಬೆಂಡಿನ ಹೊಗೆಗೆ ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ. ಊರೊಳಗೆ ಇದ್ದು ನೋಡ್ರಿ.

ಚಿತ್ರದುರ್ಗ, ಕೋಟೆ ಕಡೆಯವಳು:
ಬಾಣಂತಿ ಅಂದ್ರಲ್ಲ, ಅದಕ್ಕೇ ಬರೀತಿದ್ದೀನಿ. 2016ರ ಡಿಸೆಂಬರ್, ನನ್ನ ಚೊಚ್ಚಲ ಬಾಣಂತನ. ನೀರು ಕಾಸಿ ಉಳಿದ ನುಚ್ಚಿನ ಕೆಂಡನ ಅಮ್ಮ ಅಗ್ಗಿಷ್ಟಿಕೆಗೆ ತುಂಬಿ ಮಂಚದ ಕೆಳಗೆ ಇಟ್ಟರು. ಕೂಸಿಗೆ ಥಂಡಿ ಆಗಬಾರದು ಅಂತ ಕಿಟಕಿಗೆ ಗೋಣಿತಾಟು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಮೂರು ಗಂಟೆಗೆ ಎಚ್ಚರ ಆದಾಗ ತಲೆ ಸಿಡೀತಿತ್ತು, ಎದ್ದು ನಿಲ್ಲೋಕೆ ಹೋದರೆ ಕಾಲು ಬರಲಿಲ್ಲ, ವಾಂತಿ. ಕೂಸು ಎತ್ತಿದರೆ ಬಟ್ಟೆ ತರ ಜೋತುಬಿತ್ತು. ಬಾಗಿಲು ತೆಗೆದವರು ನಮ್ಮಪ್ಪ. ಎರಡು ದಿನ ಆಕ್ಸಿಜನ್, 23,700 ಬಿಲ್ಲು, ಅದರಲ್ಲಿ 9,000 ನನ್ನ ಬಳೆ ಅಡವಿಟ್ಟದ್ದು. ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ ಅಂತ ಡಾಕ್ಟ್ರು ಆಮೇಲೆ ಹೇಳಿದ್ರು. ಕೂಸು ಉಳೀತು. ಅಮ್ಮ ಇವತ್ತಿಗೂ ಇದ್ದಲು ಮುಟ್ಟಲ್ಲ.

ಚಳ್ಳಕೆರೆ:
ಅಕ್ಕಾರೆ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಇವರು ಕೇಳಿದ್ದು ಬಾಯ್ಲರ್. ಕೋಣೆಗೆ ಕೆಂಡ ಇಡೋ ಮಾತು ಯಾರೂ ಎತ್ತಿಲ್ಲ.

ಚಿತ್ರದುರ್ಗ, ಕೋಟೆ ಕಡೆಯವಳು:
ಬಾಯ್ಲರ್ ಇರೋದು ಎಲ್ಲಿ? ನಾಲ್ಕಡಿ ಬಚ್ಚಲಲ್ಲಿ. ಬಾಣಂತಿಗೆ ಗಾಳಿ ಸೋಕಬಾರದು ಅಂತ ಬಾಗಿಲು ಹಾಕೋದೂ ಅಲ್ಲೇ. ನುಚ್ಚು ಒತ್ತೊತ್ತಾಗಿ ಕೂತು ಗಾಳಿ ಸಾಲದೆ ಹೋದಾಗಲೇ ಆ ವಿಷ ಜಾಸ್ತಿ. ಮೇಲೆ ನೀಲಿ ಜ್ವಾಲೆ ಆಡೋದು ನೋಡಿಲ್ವಾ, ಅದೇ ಅನಿಲ ಉರಿಯೋದು. ಜ್ವಾಲೆ ಆರಿದರೆ ಅದೇ ಕೋಣೆ ತುಂಬುತ್ತೆ. ನಾಲ್ಕು ವರ್ಷ ಏನೂ ಆಗಿಲ್ಲ ಅಂತ ತಕ್ಕಡಿ ಲೆಕ್ಕ ಒಪ್ಪಿಸಬೇಡಿ.

ಚಳ್ಳಕೆರೆ:
ನಮ್ಮ ಬಚ್ಚಲು ಹಿತ್ತಲಲ್ಲಿದೆ, ಮೇಲೆ ಎರಡು ಗವಾಕ್ಷಿ ಇದೆ. ಕೇಳದೆ ಆರೋಪ ಹೊರಿಸಬೇಡಿ.

ದಾವಣಗೆರೆ, ವಿದ್ಯಾನಗರ:
ಗೀಸರ್ ಹಾಕಿಸ್ರಿ, ಮುಗೀತು. 30 ಲೀಟರಿಗೆ ಒಂದು ಯೂನಿಟ್ ಚಿಲ್ಲರೆ. ಗೃಹಜ್ಯೋತಿ ಐತಲ್ಲ.

ಹರಿಹರ:
ಗೀಸರ್ ಹಾಕಿದ ಮೊದಲ ತಿಂಗಳೇ ನಮ್ಮದು 214 ಯೂನಿಟ್. 200 ದಾಟಿದ್ದಕ್ಕೆ ಪೂರ್ತಿ ಬಿಲ್ಲು ಬಂತು. ಪುಕ್ಕಟೆ ಅನ್ನೋರು ಮೀಟರ್ ನೋಡಿ ಮಾತಾಡ್ರಿ.

ವಿದ್ಯಾನಗರ:
ನಮ್ಮನೆ ಐದು ಜನ, ಯಾವತ್ತೂ 170 ದಾಟಿಲ್ಲ. ಮಿಕ್ಸಿ, ಮೋಟಾರ್ ಎಲ್ಲ ಇದೆ. ನೀವು ಬೋರ್‌ವೆಲ್ ಓಡಿಸಿ ಗೀಸರ್ ಮೇಲೆ ಹಾಕಬ್ಯಾಡ್ರಿ.

ಹರಿಹರ:
ನಮ್ಮನೇಲಿ ಬೋರ್‌ವೆಲ್ಲೇ ಇಲ್ಲ!

ಹೊಸದುರ್ಗ:
ಯಜಮಾನ್ರೆ, ಆರು ಚೀಲ ತಂದಾಗಿದೆ, ಬಿಸಾಡಬೇಡಿ. ಕಡಲೆ ಗಾತ್ರದ್ದನ್ನ ಜರಡಿ ಹಿಡಿದು ಬೇರೆ ಮಾಡಿ. ನಾಲ್ಕು ಪಾಲು ನುಚ್ಚಿಗೆ ಒಂದು ಪಾಲು ಹಸಿ ಸಗಣಿ ಕಲಸಿ, ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ, ವಾರ ಬಿಸಿಲಲ್ಲಿ ಒಣಗಿಸಿ. ಉಂಡೆ ಉಂಡೆ ನಡುವೆ ಸಂದು ಇರೋದರಿಂದ ಗಾಳಿ ಆಡುತ್ತೆ. ನಮ್ಮತ್ತೆ ಹಾಗೇ ಮಾಡೋರು, ನಾನೂ ಹಾಗೇ ಮಾಡ್ತೀನಿ. ಒಳಗೆ ಹಸಿ ಉಳಿದರೆ ಹೊಗೆ ಕಣ್ಣು ಕೀಳುತ್ತೆ, ಒಂದನ್ನ ಒಡೆದು ನೋಡಿ.

ದಾವಣಗೆರೆ, ಕೆಟಿಜೆ ನಗರ:
ಆ ಅಕ್ಕಾರು ಬರೆದದ್ದು ಓದಿ ಬಾಯ್ಲರ್‌ನ ಇವತ್ತೇ ಹಿತ್ತಲ ತಗಡಿನ ಕೆಳಗೆ ಎತ್ತಿಟ್ಟೆ. ನೀರು ಬಕೆಟ್‌ನಾಗೆ ಒಳಗೆ ತರ್ತೀವಿ. ಎರಡು ಚೀಲ ಮಾಳಿಗೆ ಮ್ಯಾಲೆ ಹರವೀನಿ, ಸಗಣಿ ನಾಳೆ ಬರ್ತೈತಿ. ಜಾಲರಿ ಸಂದು ನಂದು ಹೆಬ್ಬೆರಳು ತೂರೋಷ್ಟು ಐತಿ, ಆ ಉಂಡೆಗೆ ಅದು ನಡೀತೈತಾ ತಾಯಿ?

ಹೊಸದುರ್ಗ:
ನಡೆಯುತ್ತೆ. ಬೂದಿ ಮಾತ್ರ ದಿನಾ ತೆಗೀರಿ.