ಸಮುದ್ರ ನೋಡದವರು ಸಮುದ್ರ ಬರೆಯಬಹುದಾ?

ಡ್ರಾಯಿಂಗ್ ಮೇಷ್ಟ್ರು, ಕೊಪ್ಪಳ:
ನಮ್ಮ ಶಾಲೆಯ ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಕೈ ಚೆನ್ನಾಗಿದೆ. ಅವಳಿಗೆ ಸಮುದ್ರದ ಚಿತ್ರಗಳಿಗೆ ಹೆಸರಾದ ಐವಜೋವ್‌ಸ್ಕಿ ಅನ್ನೋ ಹಳೇ ಚಿತ್ರಕಾರನ ‘ಒಂಬತ್ತನೇ ಅಲೆ’ ಚಿತ್ರದ ಕಲರ್ ಪ್ರಿಂಟ್ ಕೊಟ್ಟು, ನೋಡಿ ಬರಿ ಅಂದೆ. 1850ರ ಚಿತ್ರ. ರಾತ್ರಿ ಬಿರುಗಾಳಿಗೆ ಹಡಗು ಹೋಗಿದೆ. ಮುರಿದ ಕೂವೆಮರಕ್ಕೆ ಕೆಲವರು ಜೋತುಬಿದ್ದಿದ್ದಾರೆ. ಎದುರಿಗೆ ಗುಡ್ಡದಂಥ ಅಲೆ, ಅದರ ಹಿಂದೆ ಬೆಳಗಿನ ಸೂರ್ಯ. ಹುಡುಗಿ ಚೆನ್ನಾಗಿಯೇ ಬರೆದಳು. ಸ್ಟಾಫ್ ರೂಮಿನಲ್ಲಿ ಒಬ್ಬರು ನೋಡಿ, “ಸಮುದ್ರವನ್ನೇ ನೋಡದವಳ ಕೈಲಿ ಇದನ್ಯಾಕೆ ಬರೆಸ್ತೀರಿ? ಹಂಪಿ ಕಲ್ಲುಗುಡ್ಡ ಬರೆಸಿ” ಅಂದರು. ನನಗೆ ಸರಿ ಅನ್ನಿಸಲಿಲ್ಲ. ಆ ಪುಣ್ಯಾತ್ಮ ಐವಜೋವ್‌ಸ್ಕಿಯೇ ಸಮುದ್ರದ ಮುಂದೆ ಕೂತು ಬರೆದವನಲ್ಲ. ಒಳಗೆ ಕೋಣೆಯಲ್ಲಿ ಕೂತು ನೆನಪಿನಿಂದ ಬರೆಯುತ್ತಿದ್ದ. ಹಾಗಿರುವಾಗ ನಮ್ಮ ಹುಡುಗಿ ಬರೆದರೆ ಏನು ತಪ್ಪು?

ಹಿನ್ನೀರು ಹುಡುಗ, ಮುನಿರಾಬಾದ್:
ಮೇಷ್ಟ್ರೇ, ನೆನಪಿನಿಂದ ಬರೆದ, ನಿಜ. ಆ ನೆನಪು ಎಲ್ಲಿಂದ ಬಂತು? 1817ರಲ್ಲಿ ಅವನು ಹುಟ್ಟಿದ್ದೇ ಕ್ರಿಮಿಯಾದ ಫಿಯೊದೋಸಿಯಾದಲ್ಲಿ. ಅದು ಕಪ್ಪು ಸಮುದ್ರದ ದಂಡೆಯ ಬಂದರು. ಮುಂದೆ ರಷ್ಯಾ ನೌಕಾಪಡೆಯ ಚಿತ್ರಕಾರನಾದ, ಹಡಗುಗಳ ಜೊತೆ ತಿರುಗಿದ. ಓಡುವ ಅಲೆ, ಮಿಂಚು, ಗಾಳಿ ಇವನ್ನು ಎದುರಿಗಿಟ್ಟುಕೊಂಡು ಬರೆಯೋಕೆ ಆಗಲ್ಲ ಅನ್ನೋದು ಅವನ ವಾದ. ಬ್ರಷ್ ಎತ್ತುವಷ್ಟರಲ್ಲಿ ಅಲೆ ಹೋಗಿರುತ್ತೆ, ಅಲ್ವಾ? ಅದಕ್ಕೇ ಪೆನ್ಸಿಲ್ಲಿನಲ್ಲಿ ನಾಲ್ಕು ಗೆರೆ ಎಳೆದುಕೊಂಡು ಬಂದು ಒಳಗೆ ಕೂರುತ್ತಿದ್ದ. ನಿಮ್ಮ ಹುಡುಗಿಗೆ ಇರೋದು ಸಮುದ್ರದ ನೆನಪಲ್ಲ ಸರ್, ಎ4 ಹಾಳೆಯ ನೆನಪು. ಮೂಲ ಚಿತ್ರ ಮೂರು ಮೀಟರ್‌ಗಿಂತ ಜಾಸ್ತಿ ಅಗಲ ಇದೆ.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ಇಬ್ಬರೂ ಅವನನ್ನು ಹೊತ್ತು ಮೆರೆಸ್ತಿದ್ದೀರಿ. ಸುಮಾರು 6000 ಚಿತ್ರ ಬರೆದವನು ಅವನು. ಅರವತ್ತು ವರ್ಷ ಬರೆದ ಅಂತ ಇಟ್ಟುಕೊಂಡರೂ ವರ್ಷಕ್ಕೆ ನೂರು! ಅದೇ ಚಂದ್ರ, ಅದೇ ಬೆಳ್ಳಿ ನೀರು, ಅದೇ ಮುಳುಗೋ ಹಡಗು. ಮೊಬೈಲಿನಲ್ಲಿ ಇಪ್ಪತ್ತು ಚಿತ್ರ ಸರಿಸಿ ನೋಡಿ, ಹತ್ತನೆಯದಕ್ಕೆ ಆಕಳಿಕೆ ಬರುತ್ತೆ. ನೆನಪಿನಿಂದ ಬರೆದರೆ ಆಗೋದೇ ಹೀಗೆ. ಕಣ್ಣು ಹೊಸದನ್ನು ನೋಡಲ್ಲ, ಕೈ ಹಳೇದನ್ನೇ ಮಾಡುತ್ತೆ.

ಡ್ರಾಯಿಂಗ್ ಮೇಷ್ಟ್ರು, ಕೊಪ್ಪಳ:
ಅಕ್ಕಾ, 1898ರ ‘ಅಲೆಗಳ ನಡುವೆ’ ನೋಡಿದ್ದೀರಾ? ಆಗ ಅವನಿಗೆ ಎಂಬತ್ತು ದಾಟಿತ್ತು. ಹಡಗಿಲ್ಲ, ಮನುಷ್ಯರಿಲ್ಲ, ದಡ ಇಲ್ಲ. ನಾಲ್ಕು ಮೀಟರ್‌ಗಿಂತ ಅಗಲದ ಬಟ್ಟೆಯ ತುಂಬ ಬರೀ ನೀರು. ಕೈ ಹಳೇದನ್ನೇ ಮಾಡೋದಾದರೆ ಆ ವಯಸ್ಸಿನಲ್ಲಿ ಹಡಗನ್ನು ಬಿಡುತ್ತಿದ್ದನಾ?

ಇನ್ನೊಂದು ಮಾತು. ಅಲೆ ಬರಿ ಅಂದ ತಕ್ಷಣ ನಮ್ಮ ಮಕ್ಕಳು ನೀಲಿ ಟ್ಯೂಬಿಗೆ ಕೈ ಹಾಕುತ್ತಾರೆ. ಐವಜೋವ್‌ಸ್ಕಿಯ ಅಲೆಯ ತುದಿ ನೋಡಿ. ಅಲ್ಲಿ ನೀರು ತೆಳ್ಳಗಿದೆ, ಹಿಂದಿನ ಬೆಳಕು ದಾಟಿ ಬರುತ್ತೆ, ತಿಳಿ ಹಸಿರು. ಕೆಳಗೆ ಬಂದಂತೆ ನೀರು ದಪ್ಪ, ಬೆಳಕು ಒಳಗೇ ಸಿಕ್ಕಿಕೊಂಡು ಕಪ್ಪಾಗುತ್ತೆ. ತೆಳು ಬಣ್ಣವನ್ನು ಪದರದ ಮೇಲೆ ಪದರ ಹಚ್ಚಿ ಇದನ್ನು ತರುತ್ತಿದ್ದ. ಆ ಹುಡುಗಿ ಇದನ್ನು ನಾನು ಹೇಳಿಕೊಡದೇ ಹಿಡಿದಿದ್ದಾಳೆ.

ಬಿಸಿಲೂರಿನವ, ರಾಯಚೂರು:
ನನಗೆ ಚಿತ್ರ ಅಷ್ಟಾಗಿ ಗೊತ್ತಾಗಲ್ಲ. ಇವನ ಇನ್ನೊಂದು ಕೆಲಸ ಮಾತ್ರ ಗೊತ್ತು. ಅವನ ಊರು ಸಮುದ್ರದ ದಂಡೆಯಲ್ಲಿದ್ದರೂ ಕುಡಿಯೋ ನೀರಿಗೆ ಪರದಾಡುತ್ತಿತ್ತು. ಅವನ ಜಮೀನಿನಲ್ಲಿ ಸುಬಾಷ್ ಅನ್ನೋ ಊಟೆ ಇತ್ತು. (ಹೆಸರು ನೋಡಿ ನಮ್ಮವನೇ ಅಂದುಕೊಂಡಿದ್ದೆ!) ಅದರಿಂದ ದಿನಕ್ಕೆ 50,000 ಬಕೆಟ್ ನೀರನ್ನು ಊರಿಗೆ ಬಿಟ್ಟುಕೊಟ್ಟ. 1888ರಲ್ಲಿ ಪೈಪಿನಲ್ಲಿ ನೀರು ಬಂತು. ಅವರ ಬಕೆಟ್ ಅಂದರೆ ಹನ್ನೆರಡು ಲೀಟರ್ ಚಿಲ್ಲರೆ, ಲೆಕ್ಕ ಹಾಕಿದರೆ ಆರು ಲಕ್ಷ ಲೀಟರ್. ನಲ್ಲಿ ಬರೋ ದಿನ ನಾಲ್ಕು ಗಂಟೆಗೆ ಎದ್ದು ಕೊಡ ಸಾಲಿಗಿಡೋ ನನ್ನಂಥವನಿಗೆ 6000 ಚಿತ್ರಕ್ಕಿಂತ ಇದೇ ದೊಡ್ಡದು.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ತಮ್ಮಾ, ಅದು ಒಳ್ಳೆ ಮನುಷ್ಯ ಅನ್ನೋದಕ್ಕೆ ಸಾಕ್ಷಿ, ಒಳ್ಳೆ ಚಿತ್ರಕಾರ ಅನ್ನೋದಕ್ಕಲ್ಲ. ಎರಡನ್ನೂ ಕಲಸಬೇಡ.

ಬಿಸಿಲೂರಿನವ, ರಾಯಚೂರು:
ಆ ಜಮೀನು ಚಿತ್ರ ಮಾರಿದ ದುಡ್ಡಿನಿಂದಲೇ ಬಂದಿರಬೇಕಲ್ಲ ಅಕ್ಕಾ? ನೀವು ಬೈದ ಆ 6000 ಚಿತ್ರ! ಅದಿರಲಿ, ಇವನು ರಷ್ಯಾದವನಾ, ಉಕ್ರೇನಿನವನಾ? ಒಂದೊಂದು ಕಡೆ ಒಂದೊಂದು ಹೇಳ್ತಾರೆ.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ಅರ್ಮೇನಿಯನ್ ಮನೆತನ. ಟರ್ಕಿಯ ಸುಲ್ತಾನರಿಗೂ ಚಿತ್ರ ಬರೆದುಕೊಟ್ಟು ಪದಕ ತಗೊಂಡಿದ್ದ. 1890ರ ದಶಕದಲ್ಲಿ ಅಲ್ಲಿ ಅರ್ಮೇನಿಯನ್ನರ ಕಗ್ಗೊಲೆ ನಡೆದಾಗ ಆ ಪದಕಗಳನ್ನು ಸಮುದ್ರಕ್ಕೆ ಎಸೆದ. ಆ ವಿಷಯದಲ್ಲಿ ನನಗೂ ಅವನ ಮೇಲೆ ಗೌರವ ಇದೆ. ಇನ್ನು ಯಾವ ಊರವನು ಅನ್ನೋ ಜಗಳ ಬಿಡಿ. ಹಂಪಿ 2021ರ ತನಕ ನಮ್ಮ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಕಲ್ಲು ಎಲ್ಲಿದ್ದವೋ ಅಲ್ಲೇ ಇವೆ.

ಹಿನ್ನೀರು ಹುಡುಗ, ಮುನಿರಾಬಾದ್:
ನಾನೂ ಸ್ವಲ್ಪ ಬರೆಯುತ್ತೇನೆ, ಅದಕ್ಕೇ ಇದನ್ನು ಹೇಳ್ತೀನಿ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯ್ತಲ್ಲ, ಮಾರನೇ ದಿನ ದೂರದಲ್ಲಿ ನಿಂತು ನೋಡಿದೆ. ಸದ್ದಿಗೆ ಪಕ್ಕದವನ ಮಾತು ಕೇಳಿಸುತ್ತಿರಲಿಲ್ಲ. ಫೋನಿನಲ್ಲಿ ಮೂವತ್ತು ಫೋಟೋ ತೆಗೆದೆ. ರಾತ್ರಿ ಅವನ್ನು ನೋಡಿಕೊಂಡು ಬರೆದರೆ ಯಾರೋ ಹತ್ತಿ ಹರಡಿದ ಹಾಗೆ ಕಾಣಿಸ್ತು. ಹರಿದು ಬಿಸಾಕಿದೆ. ದಸರಾ ರಜೆಯಲ್ಲಿ ಫೋಟೋ ಮುಟ್ಟದೇ ಸುಮ್ನೆ ಕೂತೆ. ಅರ್ಧ ಗಂಟೆಯಲ್ಲಿ ಬಂತು. ನೀರು ನೀಲಿಯೂ ಅಲ್ಲ, ಹಸಿರೂ ಅಲ್ಲ, ಹಾಲು ಕಮ್ಮಿ ಹಾಕಿದ ಚಹಾದ ಬಣ್ಣ. ಐವಜೋವ್‌ಸ್ಕಿ ಹೇಳಿದ್ದು ಆವತ್ತು ಅರ್ಥ ಆಯ್ತು. ಆದರೆ ಮೊದಲು ಹೋಗಿ ನಿಂತಿದ್ದೆ ಅನ್ನೋದನ್ನು ಮರೀಬೇಡಿ ಮೇಷ್ಟ್ರೇ. ಅವಳನ್ನು ಒಂದು ದಿನ ಹಿನ್ನೀರಿಗೆ ಕರೆತನ್ನಿ. ಜೋರು ಗಾಳಿ ಇದ್ದ ದಿನ ಅಲ್ಲೂ ಅಲೆ ಏಳುತ್ತೆ.

ಡ್ರಾಯಿಂಗ್ ಮೇಷ್ಟ್ರು, ಕೊಪ್ಪಳ:
ನಿಮ್ಮ ಮಾತು ಒಪ್ಪಿದೆ. ಇವತ್ತು ಆ ಹುಡುಗಿಯನ್ನೇ ಕೇಳಿದೆ, ಅಲೆ ತುದಿಯ ಹಸಿರು ಇಷ್ಟು ಚೆನ್ನಾಗಿ ಹೇಗೆ ಬಂತು ಅಂತ. ನನ್ನ ಪ್ರಿಂಟಿನಲ್ಲಿ ಅದು ಮಂಕಾಗಿತ್ತು. ಅವಳ ಅಪ್ಪನದು ಗೋಲಿ ಸೋಡಾ ಗಾಡಿಯಂತೆ. ಖಾಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ ಬರೆದೆ ಸರ್ ಅಂದಳು.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ಮೇಷ್ಟ್ರೇ, ಆ ಚಿತ್ರದ ಫೋಟೋ ಹಾಕಿ ಮೊದಲು. ರಷ್ಯಾದವನದ್ದಲ್ಲ, ಅವಳದ್ದು.